ಸೈರನ್ ಕೇಳುವುದು ದಾರಿಯನ್ನು, ಮತ್ತೊಬ್ಬರ ಪ್ರಾಣವನ್ನಲ್ಲ

ಮದ್ದೂರಿನಿಂದ ಭಾರತೀನಗರದ ಮೂಲಕ ಮಳವಳ್ಳಿಗೆ ಸಾಗುವ ರಸ್ತೆಯಲ್ಲಿ, ಕಬ್ಬು ಅರೆಯುವ ಹಂಗಾಮಿನ ಒಂದು ಸಂಜೆ ಪ್ರಯಾಣಿಸಿ ನೋಡಿ. ಹಿಂಬದಿಗೆ ದೀಪವೇ ಇಲ್ಲದ ಎತ್ತಿನಗಾಡಿಗಳು, ಹೊರೆ ತುಂಬಿದ ಟ್ರೈಲರ್‌ಗಳನ್ನು ಎಳೆದುಕೊಂಡು ತೂಗಾಡುತ್ತಾ ಬರುವ ಟ್ರ್ಯಾಕ್ಟರ್‌ಗಳು, ಡೇರಿಗೆ ಹಾಲು ಹಾಕಲು ಹೊರಟ ಮಹಿಳೆಯರು, ಸೈಕಲ್ ತುಳಿಯುತ್ತಾ ಮನೆಗೆ ಮರಳುವ ಮಕ್ಕಳು. ಅದು ಇವರೆಲ್ಲರಿಗೂ ಸೇರಿದ ರಸ್ತೆ. ಇವರ ನಡುವೆ ಇದ್ದಕ್ಕಿದ್ದಂತೆ ಸೈರನ್ ಮೊಳಗುತ್ತದೆ. ಒಬ್ಬ ಎಡಕ್ಕೆ ಸರಿಯುತ್ತಾನೆ, ಇನ್ನೊಬ್ಬ ಗಾಬರಿಯಿಂದ ಬಲಕ್ಕೆ ತಿರುಗಿಸುತ್ತಾನೆ, ಎತ್ತುಗಳು ಬೆದರುತ್ತವೆ. ಆ ಗೊಂದಲದ ನಡುವಿನ ಕಿರಿದಾದ ಸಂದಿಯಲ್ಲಿ ಆಂಬುಲೆನ್ಸೊಂದು ವೇಗ ತಗ್ಗಿಸದೆ ನುಗ್ಗಿ ಹೋಗುತ್ತದೆ. ಎಲ್ಲರೂ ಒಂದು ಕ್ಷಣ ಉಸಿರು ಬಿಗಿಹಿಡಿದು, 'ಪಾಪ, ಒಳಗೆ ಯಾರಿದ್ದಾರೋ, ಬದುಕಲಿ' ಎಂದು ಹಾರೈಸಿ ಮುಂದೆ ಸಾಗುತ್ತಾರೆ.

ಆ ಹಾರೈಕೆ ನಮ್ಮ ಸಮಾಜದ ಅತ್ಯುತ್ತಮ ಗುಣಗಳಲ್ಲೊಂದು. ಆದರೆ ಅದರ ಮರೆಯಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಒಳಗಿರುವ ಜೀವ ಅಮೂಲ್ಯವಾದುದು ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಿದ್ದರೆ ಹೊರಗೆ ಸೈಕಲ್ ಮೇಲಿರುವ ಮಗುವಿನ ಜೀವದ ಬೆಲೆಯೇನು? ಒಂದು ಪ್ರಾಣವನ್ನು ಉಳಿಸುವ ಉದಾತ್ತ ಕಾರ್ಯವು ಮತ್ತೊಂದು ಪ್ರಾಣವನ್ನು ಪಣಕ್ಕಿಡುವ ಹಕ್ಕನ್ನು ಯಾರಿಗಾದರೂ ನೀಡುತ್ತದೆಯೇ?

ಈ ಪ್ರಶ್ನೆ ಕೇವಲ ಊಹೆಯದ್ದಲ್ಲ. 2022ರ ಜುಲೈ 20ರಂದು ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟ್ ಬಳಿ ನಡೆದ ದುರಂತವನ್ನು ಓದುಗರು ಮರೆತಿರಲಾರರು. ಹೊನ್ನಾವರದ ಕಡೆಯಿಂದ ರೋಗಿಯೊಬ್ಬರನ್ನು ಕರೆದುಕೊಂಡು ಬರುತ್ತಿದ್ದ ಆಂಬುಲೆನ್ಸ್, ಮಳೆಯಿಂದ ತೊಯ್ದ ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್‌ಗೇಟಿಗೆ ಸಮೀಪಿಸುತ್ತಿದ್ದಂತೆಯೇ ಹಿಡಿತ ತಪ್ಪಿತು. ಸಿಬ್ಬಂದಿ ಅದಕ್ಕೆ ದಾರಿ ಮಾಡಿಕೊಡಲೆಂದೇ ಓಡೋಡಿ ಬಂದು ಅಡೆತಡೆಗಳನ್ನು ಎತ್ತುತ್ತಿದ್ದರು. ರಸ್ತೆಯ ಮೇಲೆ ದನವೊಂದು ಮಲಗಿತ್ತು. ವಾಹನ ಜಾರಿ, ಗಿರಕಿ ಹೊಡೆದು, ಟೋಲ್‌ ಕಟ್ಟೆಗೆ ಅಪ್ಪಳಿಸಿ ಮಗುಚಿತು. ರೋಗಿಯೂ ಸೇರಿದಂತೆ ನಾಲ್ವರು ಸಾವಿಗೀಡಾದರು. ಸಿ.ಸಿ. ಕ್ಯಾಮರಾದಲ್ಲಿ ಸೆರೆಯಾದ ಆ ಕೆಲವು ಕ್ಷಣಗಳನ್ನು ದೇಶವಿಡೀ ನೋಡಿತು. ಅಂದು ದಾರಿ ಬಿಡದವರು ಯಾರೂ ಇರಲಿಲ್ಲ. ಮಳೆ, ಅಡೆತಡೆ, ಮೂಕಪ್ರಾಣಿ, ವೇಗ ಎಲ್ಲವೂ ಒಂದೇ ಕ್ಷಣದಲ್ಲಿ ಸಂಧಿಸಿದ್ದವು. ಇವುಗಳ ಪೈಕಿ ಚಾಲಕನ ಕೈಯಲ್ಲಿದ್ದುದು ವೇಗವೊಂದೇ.

ಮೂರು ವರ್ಷಗಳ ಬಳಿಕ, 2025ರ ನವೆಂಬರ್ ಆರಂಭದಲ್ಲಿ, ಬೆಂಗಳೂರಿನ ರಿಚ್‌ಮಂಡ್ ವೃತ್ತದಲ್ಲಿ ಆಂಬುಲೆನ್ಸೊಂದು ಸಿಗ್ನಲ್ ಬಳಿ ದ್ವಿಚಕ್ರ ವಾಹನಗಳ ಮೇಲೆ ಎರಗಿತು. ಒಂದೇ ಸ್ಕೂಟರಿನಲ್ಲಿದ್ದ ದಂಪತಿ ಪ್ರಾಣ ಕಳೆದುಕೊಂಡರು. ಶಿರೂರಿನಲ್ಲಿ ಸತ್ತವರು ವಾಹನದ ಒಳಗಿದ್ದರು, ರಿಚ್‌ಮಂಡ್ ವೃತ್ತದಲ್ಲಿ ಸತ್ತವರು ಹೊರಗಿದ್ದರು. ಅಪಾಯ ಎರಡೂ ಕಡೆಗೆ ಸಮಾನವಾಗಿದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಮಂಡ್ಯ ಜಿಲ್ಲೆಯ ಜನರಿಗೆ ರಸ್ತೆಯ ಮೇಲಿನ ಸಾವು ಹೊಸದಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ, ಶಾಲಾ ಮಕ್ಕಳೂ ಸೇರಿದಂತೆ 30 ಮಂದಿ ಜಲಸಮಾಧಿಯಾದರು. 2023ರ ಮಾರ್ಚ್ 12ರಂದು ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಪ್ರಧಾನಿ ಉದ್ಘಾಟಿಸಿದರು. ಆ ವರ್ಷದ ಮೊದಲ ಕೆಲವೇ ತಿಂಗಳಲ್ಲಿ ಆ ಮಾರ್ಗ ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆಯಿತು. ಪೊಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಂತರು, ಗಂಟೆಗೆ 100 ಕಿಲೋಮೀಟರ್ ಮೀರಿದವರಿಗೆ ದಂಡ ಬಿತ್ತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ವೇಗಕ್ಕೆ ಲಗಾಮು ಹಾಕಿದರೆ ಸಾವು ಇಳಿಯುತ್ತದೆ ಎಂಬ ಪಾಠವನ್ನು ಈ ಜಿಲ್ಲೆ ದುಬಾರಿ ಬೆಲೆ ತೆತ್ತು ಕಲಿತಿದೆ. ಆದರೆ ಆ ಪಾಠದಿಂದ ನಾವು ಒಂದು ವರ್ಗದ ವಾಹನವನ್ನು ಸದ್ದಿಲ್ಲದೆ ಹೊರಗಿಟ್ಟಿದ್ದೇವೆ. ಛಾವಣಿಯ ಮೇಲೆ ದೀಪ ಮಿನುಗಿದರೆ ಸಾಕು, ಅದಕ್ಕೆ ಭೌತವಿಜ್ಞಾನದ ನಿಯಮಗಳೂ ಅನ್ವಯಿಸುವುದಿಲ್ಲವೆಂಬಂತೆ ನಾವು ವರ್ತಿಸುತ್ತೇವೆ.

ಲೆಕ್ಕವನ್ನು ಸರಳವಾಗಿ ನೋಡೋಣ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗಿದರೆ 20 ನಿಮಿಷ ಬೇಕು, 80ರ ವೇಗದಲ್ಲಿ 15 ನಿಮಿಷ. ಅಂದರೆ ದಾರಿಯುದ್ದಕ್ಕೂ ಒಂದು ಅಡೆತಡೆಯೂ ಇಲ್ಲದಿದ್ದರೆ ಉಳಿಯುವುದು ಐದು ನಿಮಿಷ. ಹಂಪುಗಳು, ಊರುಗಳು, ತಿರುವುಗಳನ್ನು ಕಳೆದರೆ ಅದು ಎರಡು ಮೂರು ನಿಮಿಷಕ್ಕೆ ಇಳಿಯುತ್ತದೆ. ಇದಕ್ಕೆ ತೆರುವ ಬೆಲೆಯೇನು? 80ರ ವೇಗದಲ್ಲಿರುವ ವಾಹನ ಒಂದು ಸೆಕೆಂಡಿನಲ್ಲಿ 22 ಮೀಟರ್ ಕ್ರಮಿಸುತ್ತದೆ. ಚಾಲಕ ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಕೈತಪ್ಪಿರುತ್ತದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ವಾಹನದೊಳಗೆ ಬೆನ್ನುಮೂಳೆಗೋ ತಲೆಗೋ ಪೆಟ್ಟಾದವರು ಮಲಗಿದ್ದರೆ, ವೇಗವಾಗಿ ಹಾರಿದ ಪ್ರತಿಯೊಂದು ಹಂಪೂ ಅವರಿಗೆ ಹೊಸ ಗಾಯವಾಗಬಲ್ಲದು. ಹಿಂದೆ ನಿಂತು ಡ್ರಿಪ್ ಹಿಡಿದ ನರ್ಸ್, ಸೀಟ್ ಬೆಲ್ಟ್ ಇಲ್ಲದೆ ಪಕ್ಕದ ಬೆಂಚಿನಲ್ಲಿ ಕುಳಿತ ಬಂಧುಗಳು ಇವರೆಲ್ಲರ ಸ್ಥಿತಿಯನ್ನೂ ಊಹಿಸಿಕೊಳ್ಳಬಹುದು. ಅಮೆರಿಕದಲ್ಲಿ ತುರ್ತು ವೈದ್ಯಕೀಯ ಸೇವೆಯ ಹಲವು ಪ್ರಮುಖ ಸಂಘಟನೆಗಳು 2022ರಲ್ಲಿ ಜಂಟಿ ಹೇಳಿಕೆ ನೀಡಿ, ದೀಪ ಮತ್ತು ಸೈರನ್‌ಗಳ ಬಳಕೆಯನ್ನು ನಿಜವಾಗಿ ಅಗತ್ಯವಿರುವ ಸಂದರ್ಭಗಳಿಗೆ ಸೀಮಿತಗೊಳಿಸಬೇಕೆಂದು ಕರೆ ನೀಡಿದ್ದು ಇದೇ ಕಾರಣಕ್ಕೆ. ಸೈರನ್ನಿನಿಂದ ಉಳಿಯುವ ಸಮಯ ಅತ್ಯಲ್ಪ, ಹೆಚ್ಚುವ ಅಪಾಯ ಬಹಳ ಎಂಬುದು ಅವರ ಅನುಭವದ ಸಾರ.

ಇನ್ನು ಕಾನೂನಿನ ವಿಷಯ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುವ ಅವಕಾಶವನ್ನು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಲಾಯಿತು. ಇದು ಹಲವರಿಗೆ ಗೊತ್ತು. ಅದೇ ಕಾನೂನಿನ ಮತ್ತೊಂದು ಮುಖ ಹೆಚ್ಚಿನವರಿಗೆ ಗೊತ್ತಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಮತ್ತು ಪೊಲೀಸ್ ವಾಹನಗಳಿಗೆ ಆದ್ಯತೆ ನೀಡುತ್ತವೆ. ಕೆಂಪು ದೀಪ ದಾಟುವ, ವೇಗಮಿತಿ ಮೀರುವ ಅನುಮತಿಯೂ ಅಲ್ಲಿದೆ. ಆದರೆ ಆ ಅನುಮತಿ ತೀರಾ ತುರ್ತಿನ ಕರ್ತವ್ಯದಲ್ಲಿರುವಾಗ ಮಾತ್ರ, ಅದೂ ಪರಮ ಎಚ್ಚರಿಕೆ ಮತ್ತು ಹೊಣೆಗಾರಿಕೆಯೊಂದಿಗೆ. ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ಚಾಲಕನ ಮೈಮೇಲಿನ ಸಮವಸ್ತ್ರವಾಗಲಿ, ವಾಹನದ ಮೇಲಿನ ದೀಪವಾಗಲಿ ಅವನನ್ನು ರಕ್ಷಿಸುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅದಕ್ಕೆ ಐದು ವರ್ಷದವರೆಗೂ ಶಿಕ್ಷೆಯಾಗಬಹುದು. ಬ್ರಿಟನ್ನಿನಲ್ಲೂ ತುರ್ತು ವಾಹನಗಳಿಗೆ ವೇಗಮಿತಿಯಿಂದ ವಿನಾಯಿತಿ ಇದೆ, ಅಪಾಯಕಾರಿ ಚಾಲನೆಯ ಆರೋಪದಿಂದ ವಿನಾಯಿತಿ ಇಲ್ಲ. ಹೀಗೆ ಸೈರನ್ ಎಂಬುದು ಇತರರಲ್ಲಿ ದಾರಿಗಾಗಿ ಮಾಡುವ ವಿನಂತಿ. ದಾರಿ ಸಿಕ್ಕಿತೆಂದು ಖಚಿತವಾಗುವವರೆಗೆ ಕಾಯುವ ಹೊಣೆ ವಿನಂತಿಸಿದವನದೇ.

ಹಾಗಾದರೆ ತಪ್ಪೆಲ್ಲ ಚಾಲಕರದೇ? ಹಾಗೆಂದು ತೀರ್ಪು ನೀಡಿ ಕೈತೊಳೆದುಕೊಳ್ಳುವುದು ಅನ್ಯಾಯವಾದೀತು. ನಮ್ಮ ವ್ಯವಸ್ಥೆಯ ವಿಪರ್ಯಾಸವೊಂದನ್ನು ಇಲ್ಲಿ ಗಮನಿಸಬೇಕು. ಪೆಟ್ರೋಲ್ ಟ್ಯಾಂಕರ್ ಓಡಿಸುವವನು ಅಪಾಯಕಾರಿ ಸರಕು ಸಾಗಿಸುವ ಪ್ರತ್ಯೇಕ ತರಬೇತಿ ಪಡೆದು, ತನ್ನ ಪರವಾನಗಿಯಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಸಾವು ಬದುಕಿನ ನಡುವೆ ಹೋರಾಡುವ ಮನುಷ್ಯನನ್ನು ಸಾಗಿಸುವವನಿಗೆ ಅಂತಹ ಪ್ರತ್ಯೇಕ ಪರೀಕ್ಷೆಯೇನೂ ಇಲ್ಲ. 7,500 ಕೆ.ಜಿ.ಗಿಂತ ಕಡಿಮೆ ತೂಕದ ಸಾರಿಗೆ ವಾಹನಗಳನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಜೀವನೋಪಾಯದ ದೃಷ್ಟಿಯಿಂದ ಅದು ಸಾವಿರಾರು ಚಾಲಕರಿಗೆ ನೆಮ್ಮದಿ ತಂದ ತೀರ್ಪು. ಆದರೆ ಮನೆಯ ಕಾರು ಓಡಿಸಲು ಕಲಿತ ಯುವಕ ಮರುದಿನವೇ ಸೈರನ್ ಗುಂಡಿ ಒತ್ತಬಹುದು ಎಂಬ ಸ್ಥಿತಿ ಕಳವಳಕಾರಿ. ಆಂಬುಲೆನ್ಸಿನ ವಿನ್ಯಾಸ ಹೇಗಿರಬೇಕು, ಸ್ಟ್ರೆಚರನ್ನು ಹೇಗೆ ಬಿಗಿಯಬೇಕು, ಯಾವ ಬಗೆಯ ರೋಗಿಗೆ ಯಾವ ಬಗೆಯ ವಾಹನ ಬೇಕು ಎಂಬುದಕ್ಕೆಲ್ಲ ರಾಷ್ಟ್ರೀಯ ಸಂಹಿತೆಯಿದೆ. ಅದನ್ನು ಓಡಿಸುವ ಕೈಗಳ ಬಗ್ಗೆ ಅಂತಹ ಕಾಳಜಿ ಕಾಣುತ್ತಿಲ್ಲ. ಇದರ ಜೊತೆಗೆ ದೀರ್ಘ ಪಾಳಿ, ಅಲ್ಪ ಸಂಬಳ, ಟ್ರಿಪ್ ಲೆಕ್ಕದಲ್ಲಿ ದುಡಿಯುವ ಒತ್ತಡ ಬೇರೆ. ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆರೋಗ್ಯ ಕವಚ ಸೇವೆ ಅಸಂಖ್ಯ ಬಡವರ ಪಾಲಿಗೆ ವರದಾನವಾಗಿದೆ. ಆದರೆ ಅದೇ ಸೇವೆಯ ನೌಕರರು ಬಾಕಿ ವೇತನಕ್ಕಾಗಿ ಬೀದಿಗಿಳಿದ ಸುದ್ದಿಯನ್ನೂ ನಾವು ಓದಿದ್ದೇವೆ. ದಣಿದ ಕಣ್ಣುಗಳಿಂದ ಎಚ್ಚರವನ್ನು ನಿರೀಕ್ಷಿಸುವುದೆಂತು?

ಇನ್ನೂ ಆಳದಲ್ಲಿರುವ ಕಾರಣವೊಂದಿದೆ. ಮಳವಳ್ಳಿಯಿಂದಲೋ ಮದ್ದೂರಿನಿಂದಲೋ ಹೊರಟ ಆಂಬುಲೆನ್ಸ್ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೋ ಬೆಂಗಳೂರಿಗೋ ಓಡುವುದೇಕೆ? ತಾಲೂಕು ಆಸ್ಪತ್ರೆಯಲ್ಲಿ ಸಿಗಬೇಕಾದ ತಜ್ಞ ಸೇವೆ ಬೇಕಾದ ಹೊತ್ತಿನಲ್ಲಿ ಸಿಗದಾಗ, ಆ ಕೊರತೆಯನ್ನು ತುಂಬುವ ಭಾರ ಚಾಲಕನ ಬಲಗಾಲಿನ ಮೇಲೆ ಬೀಳುತ್ತದೆ. ಗಾಯಾಳುವಿನ ಮೊದಲ ಒಂದು ಗಂಟೆಯನ್ನು ಕಾನೂನೇ 'ಸುವರ್ಣ ಗಂಟೆ' ಎಂದು ಗುರುತಿಸಿದೆ. ಆ ಗಂಟೆ ಎಲ್ಲಿ ಕಳೆದುಹೋಗುತ್ತದೆ? ಮೊಬೈಲಿನಲ್ಲಿ ಚಿತ್ರೀಕರಿಸುತ್ತಾ ನಿಂತ ಗುಂಪಿನಲ್ಲಿ, ಪೊಲೀಸ್ ಕೇಸಿನ ಭಯದಿಂದ ಮುಟ್ಟಲು ಹಿಂಜರಿದವರ ನಡುವೆ, ವಾಹನ ಹುಡುಕುವುದರಲ್ಲಿ, ಮೊದಲ ಆಸ್ಪತ್ರೆಯ ಬಾಗಿಲಲ್ಲಿ, 'ಬೇರೆ ಕಡೆ ಕರೆದೊಯ್ಯಿರಿ' ಎಂಬ ಚೀಟಿ ಕೈಗೆ ಬರುವವರೆಗಿನ ಕಾಯುವಿಕೆಯಲ್ಲಿ. ಹೀಗೆ ಕಳೆದ ನಲವತ್ತು ನಿಮಿಷಗಳನ್ನು ರಸ್ತೆಯ ಮೇಲೆ ಮರಳಿ ಗಳಿಸಲು ಯಾವ ಚಾಲಕನಿಂದಲೂ ಸಾಧ್ಯವಿಲ್ಲ. ಅಪಘಾತದ ಗಾಯಾಳುವಿಗೆ ನೆರವಾದವರನ್ನು ಪೀಡಿಸಕೂಡದೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ, ಮೋಟಾರು ವಾಹನ ಕಾಯ್ದೆಯೂ ಅವರಿಗೆ ರಕ್ಷಣೆ ನೀಡಿದೆ. ಗಾಯಾಳುವಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಇವುಗಳನ್ನು ಜನರಿಗೆ ತಿಳಿಸುವುದು, ತಾಲೂಕು ಆಸ್ಪತ್ರೆಗಳನ್ನು ಬಲಪಡಿಸಲು ಶಾಸಕರನ್ನು ಒತ್ತಾಯಿಸುವುದು ಆಂಬುಲೆನ್ಸಿನ ವೇಗಕ್ಕಿಂತ ಹೆಚ್ಚು ಜೀವಗಳನ್ನು ಉಳಿಸಬಲ್ಲದು. ಚುನಾವಣೆಯ ಹೊತ್ತಿನಲ್ಲಿ ರಸ್ತೆ, ಚರಂಡಿ, ಶಾದಿ ಮಹಲ್‌ಗಳ ಬಗ್ಗೆ ಅಭ್ಯರ್ಥಿಗಳನ್ನು ಪ್ರಶ್ನಿಸುವ ನಾವು ಈ ಬಗ್ಗೆ ಎಂದಾದರೂ ಪ್ರಶ್ನಿಸಿದ್ದೇವೆಯೇ?

ಅಧಿಕಾರಸ್ಥರು ಈ ವಿಷಯದಲ್ಲಿ ಹಾಕಿಕೊಟ್ಟ ಮಾದರಿಯೂ ಹೆಮ್ಮೆಪಡುವಂತಹದ್ದಲ್ಲ. ಕೆಂಪು ದೀಪವನ್ನು ಪ್ರತಿಷ್ಠೆಯ ಸಂಕೇತವಾಗಿಸಿದ್ದ ಸಂಸ್ಕೃತಿಗೆ ಸುಪ್ರೀಂ ಕೋರ್ಟ್ 2013ರಲ್ಲಿ ಕಡಿವಾಣ ಹಾಕಿತು. 2017ರ ಮೇ 1ರಿಂದ ಮಂತ್ರಿಮಹೋದಯರ ವಾಹನಗಳಿಂದ ಅದು ಇಳಿಯಿತು. ಆದರೂ ಬೆಂಗಾವಲು ವಾಹನಗಳ ಅಬ್ಬರ ಉಳಿದಿದೆ. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡ ಸಿದ್ದರಾಮಯ್ಯನವರು ತಮಗೆ 'ಝೀರೋ ಟ್ರಾಫಿಕ್' ಬೇಡವೆಂದು ಬೆಂಗಳೂರು ಪೊಲೀಸರಿಗೆ ಸೂಚಿಸಿದ್ದು ಸ್ವಾಗತಾರ್ಹ ನಡೆ. ಕರ್ತವ್ಯಕ್ಕೂ ಪ್ರತಿಷ್ಠೆಗೂ ಒಂದೇ ಸೈರನ್ ಬಳಕೆಯಾದಾಗ ಜನರು ಎರಡನ್ನೂ ಸಂಶಯದಿಂದ ನೋಡತೊಡಗುತ್ತಾರೆ. ಕೊನೆಗೆ ಅದರ ನಷ್ಟ ಅನುಭವಿಸುವುದು ನಿಜವಾದ ರೋಗಿ.

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರೋಣ. ಸಮುದಾಯದ ಜಮಾಅತ್‌ಗಳು, ಯುವಕ ಸಂಘಗಳು, ದಾನಿಗಳು ಆಂಬುಲೆನ್ಸ್ ಸೇವೆಗೆ ಮುಂದಾಗಿರುವುದು ಅಭಿಮಾನದ ಸಂಗತಿ. ಕೊರೋನಾದ ದಿನಗಳಲ್ಲಿ ಸ್ವಂತದವರೇ ದೂರ ಸರಿದಾಗ ನಮ್ಮ ಯುವಕರು ಜಾತಿ ಧರ್ಮ ನೋಡದೆ ಆ ವಾಹನಗಳಲ್ಲಿ ಹೆಗಲು ಕೊಟ್ಟರು. 2020ರ ಫೆಬ್ರವರಿ 6ರಂದು 40 ದಿನಗಳ ಶಿಶುವೊಂದನ್ನು ಹೃದಯದ ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಗಳಲ್ಲಿ ತಲುಪಿಸಿದ ಚಾಲಕನನ್ನು ಇಡೀ ನಾಡು ಕೊಂಡಾಡಿತು. ಅಂದು ಆ ಓಟವನ್ನು ಸಾಧ್ಯವಾಗಿಸಿದ್ದು ಪೊಲೀಸರು ಮತ್ತು ಊರೂರಿನ ಸ್ವಯಂಸೇವಕರು ಮುಂಚಿತವಾಗಿ ತೆರವುಗೊಳಿಸಿಟ್ಟ ರಸ್ತೆ. ದುರದೃಷ್ಟವಶಾತ್ ನಮ್ಮ ಯುವಕರಲ್ಲಿ ಕೆಲವರು ಅದರಿಂದ ಕಲಿತದ್ದು ಸಿದ್ಧತೆಯ ಪಾಠವನ್ನಲ್ಲ, ವೇಗದ ರೋಮಾಂಚನವನ್ನು. ಆಂಬುಲೆನ್ಸಿನ ಮುಂದೆ ಬೈಕುಗಳಲ್ಲಿ ದಾರಿ ಬಿಡಿಸುತ್ತಾ ಸಾಗುವುದು, ಚಾಲಕನ ಪಕ್ಕದಲ್ಲಿ ಕುಳಿತು ವಿಡಿಯೋ ನೇರ ಪ್ರಸಾರ ಮಾಡುವುದು, ಸ್ಪೀಡೋಮೀಟರಿನ ಮುಳ್ಳನ್ನು ಸ್ಟೇಟಸ್ ಹಾಕಿಕೊಳ್ಳುವುದು, ಇವೆಲ್ಲ ಸೇವೆಯ ಹೆಸರಿನಲ್ಲಿ ನಡೆಯುವ ಪ್ರದರ್ಶನ.

ಹಜ್ಜ್‌ನ ಸಂದರ್ಭದಲ್ಲಿ ಅರಫಾದಿಂದ ಮರಳುವಾಗ ಜನರು ಒಂಟೆಗಳನ್ನು ಹೊಡೆದು ಗದ್ದಲದೊಂದಿಗೆ ಧಾವಿಸುವುದನ್ನು ಕೇಳಿದ ಪ್ರವಾದಿ ಮುಹಮ್ಮದ್(ಸ), ಶಾಂತರಾಗಿರುವಂತೆ ತಮ್ಮ ಚಾಟಿಯ ಸನ್ನೆಯಿಂದ ಸೂಚಿಸಿ, ಪುಣ್ಯವು ಧಾವಂತದಲ್ಲಿಲ್ಲವೆಂದು ಎಚ್ಚರಿಸಿದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಅಂದು ಅವರು ಹೊರಟಿದ್ದುದು ಅತ್ಯಂತ ಪವಿತ್ರವಾದ ಕಾರ್ಯಕ್ಕೆ. ಉದ್ದೇಶದ ಪಾವಿತ್ರ್ಯವು ಸಹಯಾತ್ರಿಕರನ್ನು ಅಪಾಯಕ್ಕೊಡ್ಡಲು ನೆಪವಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾರ್ಗದರ್ಶನ ಬೇಕೇ?

ಆದ್ದರಿಂದ ಆಂಬುಲೆನ್ಸ್ ನಡೆಸುವ ಪ್ರತಿಯೊಂದು ಕಮಿಟಿಯೂ ಕೆಲವು ವಿಷಯಗಳನ್ನು ತನಗೆ ತಾನೇ ವಿಧಿಸಿಕೊಳ್ಳಬೇಕು. ಭಾರೀ ವಾಹನವನ್ನೋ ಬಾಡಿಗೆ ವಾಹನವನ್ನೋ ಹಲವು ವರ್ಷ ಓಡಿಸಿದ, ತಾಳ್ಮೆಯ ಸ್ವಭಾವದವರನ್ನೇ ಚಾಲಕರನ್ನಾಗಿ ನೇಮಿಸಬೇಕು. ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಬೇಕು. ರಾತ್ರಿಯಿಡೀ ಓಡಿಸಿದವನನ್ನು ಹಗಲು ಮತ್ತೆ ಕಳುಹಿಸಬಾರದು. ಟೈರು, ಬ್ರೇಕು, ವಿಮೆಗಳನ್ನು ಪರಿಶೀಲಿಸಿದ ದಿನಾಂಕ ಪುಸ್ತಕದಲ್ಲಿ ದಾಖಲಾಗಿರಬೇಕು. ಡಯಾಲಿಸಿಸ್ ಮುಗಿಸಿ ಮನೆಗೆ ಮರಳುವವರಿಗೆ, ಖಾಲಿ ಹಿಂದಿರುಗುವ ವಾಹನಕ್ಕೆ, ಮಯ್ಯಿತ್ ಸಾಗಿಸುವಾಗ ಸೈರನ್ ಅಗತ್ಯವಿಲ್ಲ ಎಂಬ ಲಿಖಿತ ನಿಯಮವಿರಬೇಕು. ದಫನ ಕಾರ್ಯವನ್ನು ವಿಳಂಬಿಸಬಾರದು ನಿಜ, ಆದರೆ ಮೃತರಿಗಾಗಿ ಜೀವಂತರನ್ನು ಅಪಾಯಕ್ಕೆ ತಳ್ಳುವುದು ಯಾವ ರೀತಿಯ ಗೌರವ?

ಕುಟುಂಬಗಳ ಹೊಣೆಯೂ ಕಡಿಮೆಯದ್ದಲ್ಲ. ರೋಗಿಯ ಜೊತೆಗಿರುವವರು ಆತಂಕದಿಂದ 'ಬೇಗ, ಇನ್ನೂ ಬೇಗ' ಎಂದು ಚಾಲಕನ ಬೆನ್ನು ತಟ್ಟುವುದು ಸಹಜ. ಆದರೆ ಹಾಗೆ ಹೇಳುವ ಪ್ರತಿ ಬಾರಿಯೂ ನಾವು ನಮ್ಮ ತಂದೆಯನ್ನೋ ತಾಯಿಯನ್ನೋ ಇನ್ನಷ್ಟು ಅಪಾಯಕ್ಕೆ ದೂಡುತ್ತಿರುತ್ತೇವೆ. ಒಬ್ಬರೋ ಇಬ್ಬರೋ ಜೊತೆಗಿದ್ದರೆ ಸಾಕು. ಉಳಿದವರು ಆಂಬುಲೆನ್ಸಿನ ಬೆನ್ನುಹತ್ತಿ ಕಾರು, ಬೈಕುಗಳಲ್ಲಿ ಅದೇ ವೇಗದಲ್ಲಿ ಧಾವಿಸಬಾರದು. ಅವರಿಗೆ ಯಾವ ಆದ್ಯತೆಯೂ ಇಲ್ಲ, ದಾರಿ ಬಿಟ್ಟವರು ಮರಳಿ ರಸ್ತೆಗೆ ಬರುವಾಗ ಡಿಕ್ಕಿಯಾಗುವುದೂ ಇಂತಹವರಿಗೇ. ಹಿಂದಿನಿಂದ ಸೈರನ್ ಕೇಳಿಸಿದರೆ ಥಟ್ಟನೆ ಬ್ರೇಕ್ ಹಾಕದೆ, ಸೂಚನೆ ನೀಡಿ, ಎಡಕ್ಕೆ ಸರಿದು, ನಿಧಾನವಾಗಿ ನಿಲ್ಲಿಸುವುದನ್ನು ಮಕ್ಕಳಿಗೆ ಬೈಕಿನ ಕೀಲಿ ಕೊಡುವ ಮೊದಲೇ ಕಲಿಸೋಣ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವನಿಗೆ ಯಾವ ಸೈರನ್ನೂ ಕೇಳಿಸದು.

ಸರಕಾರದ ಮುಂದೆ ಇಡಬೇಕಾದ ಬೇಡಿಕೆಗಳೂ ಸ್ಪಷ್ಟವಾಗಿವೆ. ತುರ್ತು ವಾಹನ ಚಾಲಕರಿಗೆ ಕಡ್ಡಾಯ ತರಬೇತಿ ಹಾಗೂ ಪರವಾನಗಿಯಲ್ಲಿ ಅದರ ನಮೂದು, ಪಾಳಿಯ ಮಿತಿ ಮತ್ತು ನಿಗದಿತ ದಿನದಂದು ಸಂಬಳ, ಖಾಸಗಿ ಆಂಬುಲೆನ್ಸ್‌ಗಳ ವೇಗದ ಮೇಲೆ ಜಿ.ಪಿ.ಎಸ್. ನಿಗಾ, ಸಾವಿರಾರು ಲೀಟರ್ ನೀರು ಹೊತ್ತು ತಿರುವುಗಳಲ್ಲಿ ಸಾಗಬೇಕಾದ ಅಗ್ನಿಶಾಮಕ ವಾಹನಗಳ ಸುಸ್ಥಿತಿ, ಬೇಸಿಗೆಯಲ್ಲಿ ಕಬ್ಬಿನ ಗದ್ದೆಗಳಿಗೆ ಬೆಂಕಿ ಬೀಳುವ ಈ ಜಿಲ್ಲೆಯಲ್ಲಿ ಅವುಗಳ ಸಂಖ್ಯೆ, ಎಲ್ಲಕ್ಕಿಂತ ಮಿಗಿಲಾಗಿ ತಾಲೂಕು ಆಸ್ಪತ್ರೆಗಳಲ್ಲಿ ಹಗಲಿರುಳು ತುರ್ತು ಚಿಕಿತ್ಸೆ. ಇವುಗಳಲ್ಲಿ ಯಾವುದೂ ಅಸಾಧ್ಯವಾದುದಲ್ಲ.

ಸರಕಾರ ಎಚ್ಚೆತ್ತುಕೊಳ್ಳುವವರೆಗೆ ನಾವು ಕಾಯಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಆಂಬುಲೆನ್ಸ್ ಇಟ್ಟುಕೊಂಡಿರುವ ಪ್ರತಿಯೊಂದು ಜಮಾಅತ್ ಮತ್ತು ಸಂಘದ ಹೊಣೆಗಾರರು ಬರುವ ಶುಕ್ರವಾರ ನಮಾಝ್‌ನ ಬಳಿಕ ಅರ್ಧ ಗಂಟೆ ತಮ್ಮ ಚಾಲಕನೊಂದಿಗೆ ಕುಳಿತುಕೊಳ್ಳಲಿ. ಕಳೆದ ತಿಂಗಳಲ್ಲಿ ಎಷ್ಟು ಬಾರಿ ಸೈರನ್ ಹಾಕಿದೆ, ಅವುಗಳಲ್ಲಿ ನಿಜವಾಗಿ ಎಷ್ಟು ತುರ್ತಿನವು, ಎಲ್ಲಿ ಕೂದಲೆಳೆಯಲ್ಲಿ ಪಾರಾದೆ, ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ರಿಸಿದೆ ಎಂದು ಪ್ರೀತಿಯಿಂದ ವಿಚಾರಿಸಲಿ. ಅವನು ಕೊಡುವ ಉತ್ತರಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮುಂದಿನ ತಿಂಗಳು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಲಿ.